ಫ್ಯಾನ್ ಆರಿಸಿದ ಮೇಲೆ

ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿಯಾಗಿ ದುಡಿಯುವವಳ ಹತ್ತಿರ ಹೇಸಿಗೆ ಸುಲಭಕ್ಕೆ ಸುಳಿಯುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕಂಡವರೆಲ್ಲ ಉಗಿದ ರಕ್ತ, ಜೊಲ್ಲು, ಕಿತ್ತ ಹಲ್ಲಿನ ಚೂರು ತೊಳೆದು, ಮನೆಗೆ ಬಂದು ಅದೇ ಕೈಯಲ್ಲಿ ಅನ್ನ ಕಲಸಿ ಉಣ್ಣುವವಳು ಈ ಮನೆಯ ಸೊಸೆ. ಅಂಥವಳ ಹೊಟ್ಟೆಯನ್ನೂ ತೊಳಸಿದ್ದು ಒಂದು ಹಳೆಯ ಸಿನಿಮಾ. ಪರದೆಯ ಮೇಲೆ ನಡೆದದ್ದಲ್ಲ, ಅವರ ಮನೆಯ ಊಟದ ಮೇಜಿನ ಮೇಲೆ ನಡೆದದ್ದು.

ಅವಳ ಮಾವ ಪ್ರಾಯದಲ್ಲಿ ಸಿನಿಮಾಗಳಿಗೆ ಶಬ್ದ ಹಿಡಿಯುತ್ತಿದ್ದವರು. ಬಾಗಿಲು ಕಿರ್ರೆನ್ನುವುದು, ಚಪ್ಪಲಿ ಮೆಟ್ಟಿಲಿಳಿಯುವುದು, ಬೆಂಕಿಕಡ್ಡಿ ಗೀರುವುದು, ಎಲ್ಲವನ್ನೂ ಮೆಷಿನ್ನಿಗೆ ತುಂಬಿಕೊಳ್ಳುವ ಕೆಲಸ. ಬೀದಿಯವರೆಲ್ಲ ಅವರನ್ನು ಸೌಂಡು ಮೇಷ್ಟ್ರು ಎನ್ನುತ್ತಿದ್ದರು. ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು, ಕಿವಿ ಮಾತ್ರ ಕೆಲಸ ಬಿಟ್ಟಿರಲಿಲ್ಲ. ಸೊಸೆಯ ಕೈಯಿಂದ ಪಾತ್ರೆ ಜಾರಿದರೆ ಬೇರೆ ಮಾವಂದಿರು ಬೈದಾರು. ಇವರು ಕಣ್ಣುಮುಚ್ಚಿ ಕೇಳಿ, "ಸುಳ್ಳು ಕೇಳಿಸ್ತು. ಇನ್ನೊಂದ್ಸಲ ಬೀಳಿಸು" ಎನ್ನುತ್ತಿದ್ದರು. ಸಹಜ ಎನಿಸದ ಸದ್ದೆಲ್ಲ ಅವರ ಲೆಕ್ಕದಲ್ಲಿ ಸುಳ್ಳು. ಎರಡು ಖಾಲಿ ಡಬ್ಬಿ ಬಡಿದು ಕುದುರೆ ಓಡಿಸುವ ಈ ತಾತನೆಂದರೆ ಮೊಮ್ಮಗಳು ಗುಬ್ಬಿಗೆ ಪ್ರಾಣ. ಮದುವೆಯಾಗಿ ಬಂದಾಗಿನಿಂದ ಸೊಸೆಯೂ ಅವರ ಚೇಷ್ಟೆಗೆ ನಗುತ್ತಲೇ ಇದ್ದಳು.

ಒಂದು ಭಾನುವಾರ ಇಬ್ಬರು ಹುಡುಗರು ಅವರನ್ನು ಹುಡುಕಿಕೊಂಡು ಬಂದರು. ಹಳೆಯ ಸಿನಿಮಾಗಳ ರೀಲು ತೊಳೆದು, ಹೊಸದಾಗಿ ಮಾಡಿ, ಮತ್ತೆ ತೆರೆಗೆ ತರುವವರಂತೆ. ಮಾವ ಶಬ್ದ ಹಿಡಿದಿದ್ದ ಒಂದು ಸಿನಿಮಾವನ್ನು ಈಗ ಕೈಗೆತ್ತಿಕೊಂಡಿದ್ದರು. ಅದರಲ್ಲಿ ಒಬ್ಬ ಒಂಟಿ ರೇಡಿಯೋ ರಿಪೇರಿಯವನು. ಯಾರ ಜೊತೆಗೂ ಮಾತಿಲ್ಲ ಕತೆಯಿಲ್ಲ. ಎದುರುಮನೆಗೆ ಬಂದ ಹೆಂಗಸೊಬ್ಬಳ ಬೆನ್ನು ಬಿದ್ದು, ಕೊನೆಗೆ ಅವಳನ್ನು ತನ್ನ ಮನೆಯ ಒಳಕೋಣೆಯಲ್ಲಿ ಕೂಡಿಹಾಕಿ, ಬಾಗಿಲ ಹೊರಗೆ ಕೂತು ಊಟ ಮಾಡುತ್ತಾನೆ. ಒಳಗೆ ಅವಳು ಅಳುತ್ತಾಳೆ, ಹೊರಗೆ ಇವನು ತುತ್ತು ತುತ್ತಾಗಿ ಉಣ್ಣುತ್ತಾನೆ. ತೆರೆಯ ಮೇಲೆ ಬರೀ ಬಾಗಿಲು, ತಟ್ಟೆ, ಅವನ ಮುಖ. ಈ ಒಂದು ದೃಶ್ಯಕ್ಕೆ ಬಲ್ಲವರೆಲ್ಲ ತಲೆದೂಗಿದ್ದರಂತೆ.

"ಎಂಥಾ ಒಂಟಿತನ ಸಾರ್!" ಎಂದ ಕನ್ನಡಕದ ಹುಡುಗ. "ಅವನ ಮುಖ ನೋಡಿದ್ರೆ ಕರುಳು ಕಿತ್ತು ಬರುತ್ತೆ."

ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದ ಸೊಸೆ ಕೇಳಿದಳು, "ಒಳಗಿರೋಳು?"

"ಯಾರು?"

"ಬಾಗಿಲ ಹಿಂದೆ ಅಳೋಳು. ಕೊನೆಗೆ ಅವಳೇನಾಗ್ತಾಳೆ?"

ಕನ್ನಡಕದವನು ತಟ್ಟೆಯಿಂದ ಬಿಸ್ಕತ್ತು ಎತ್ತಿಕೊಂಡ. "ಅದು... ಕಥೇಲಿ ಅಷ್ಟು ಮುಖ್ಯ ಅಲ್ಲ ಮೇಡಂ."

ತೊಂದರೆಯೆಂದರೆ, ಚಿತ್ರ ಉಳಿದಿತ್ತು, ಅಳು ಹಾಳಾಗಿತ್ತು. ತೇವಕ್ಕೆ ಬೂಷ್ಟು ಹಿಡಿದು ಆ ಭಾಗದ ಶಬ್ದವೆಲ್ಲ ಗೊರಗೊರ. ಯಾರಾದರೂ ನಟಿಯ ಕೈಲಿ ಅಳಿಸಿ ಸೇರಿಸುತ್ತೇವೆ, ಒಮ್ಮೆ ಬಂದು ಕೇಳಿ ಒಪ್ಪಿಗೆ ಕೊಡಿ ಎಂದು ಕೇಳಲು ಬಂದಿದ್ದರು. ಮುಂದಿನ ತಿಂಗಳ ಕೊನೆಗೆ ಪ್ರದರ್ಶನ. ಈ ಸಲ ಮೇಷ್ಟ್ರ ಹೆಸರು ಒಂದೇ, ತೆರೆಯ ತುಂಬ, ದೊಡ್ಡ ಅಕ್ಷರದಲ್ಲಿ ಬರುತ್ತದಂತೆ.

ಮಾವನ ಕಣ್ಣು ಒದ್ದೆಯಾಯಿತು. ಸಿನಿಮಾ ಮೊದಲು ಬಂದಾಗ ಅವರ ಹೆಸರು ಎಲ್ಲರ ಹೆಸರಿನ ಅಡಿಯಲ್ಲಿ, ಜನ ಎದ್ದು ಹೊರಡುವಾಗ ಬಂದಿತ್ತು.

"ನಟಿ ಗಿಟಿ ಬೇಡ. ಎಲ್ಲಾ ಸುಳ್ಳು ಕೇಳಿಸುತ್ತೆ" ಎಂದರು. "ಆ ಅಳು ನಮ್ಮನೇಲೇ ಇದೆ. ನಾನು ತಂದುಕೊಡ್ತೀನಿ."

ಚಹಾ ತಂದಿದ್ದ ಅತ್ತೆ ಲೋಟಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಒಳಗೆ ಹೋದರು.

ಸೊಸೆ ಅಡುಗೆಮನೆಗೆ ಹೋಗಿ, "ಮನೇಲಿದೆ ಅಂದ್ರೆ ಏನತ್ತೆ?" ಎಂದು ಕೇಳಿದಳು.

"ಸೊಪ್ಪು ಬಾಡ್ತಿದೆ. ಬಿಡಿಸು" ಎಂದರು ಅತ್ತೆ.

ಅರ್ಥ ಹೇಳಿದ್ದು ಗಂಡ. ಮೈಕು, ಸ್ಪೀಕರು ಬಾಡಿಗೆಗೆ ಕೊಡುವ ಅಂಗಡಿ ಅವನದು. ಒಗೆದ ಬಟ್ಟೆ ಮಡಿಸುತ್ತ ಕೂತಿದ್ದ ಹೆಂಡತಿಯ ಪಕ್ಕ ಉರುಳಿಕೊಂಡು, ಮನೆಯ ಹಳೆಯ ತಮಾಷೆಯೊಂದನ್ನು ಹೇಳುವವನಂತೆ ಹೇಳಿದ.

"ಅಪ್ಪ ಆ ಸೀನಿಗೆ ಎಷ್ಟೋ ಜನರನ್ನ ಅಳಿಸಿ ನೋಡಿದ್ರಂತೆ. ಯಾರದೂ ಹಿಡಿಸಲಿಲ್ಲ. ಕೊನೆಗೆ ಮನೆಗೆ ಬಂದು ಅಮ್ಮನ ಹತ್ರ, ನಿನ್ನ ತಮ್ಮ ಹೊಳೇಲಿ ಮುಳುಗಿ ಹೋದ ಕಣೇ ಅಂದ್ರಂತೆ. ಅಮ್ಮ ರೂಮಲ್ಲಿ ಬಿದ್ದು ಹೊರಳಾಡಿ ಅತ್ತರಂತೆ. ಅಪ್ಪ ಹೊರಗಿಂದ ಚಿಲಕ ಹಾಕಿ, ಬಾಗಿಲಿಗೆ ಮೈಕ್ ಹಿಡಿದು, ಅಷ್ಟನ್ನೂ ಹಿಡ್ಕೊಂಡ್ರು. ಆಮೇಲೆ ಚಿಲಕ ತೆಗೆದು, ಸಾಕು ಬಾರೇ, ನಿನ್ನ ತಮ್ಮ ಗುಂಡುಕಲ್ಲಿನ ಹಾಗಿದಾನೆ ಅಂದ್ರಂತೆ!"

"ಅದಕ್ಕೆ ಅತ್ತೆ ಏನಂದ್ರು?"

"ಏನಂತಾರೆ? ಅಡುಗೆ ಮಾಡಿ ಬಡಿಸಿದ್ರಂತೆ." ಹೊಟ್ಟೆ ಕುಲುಕಿಸಿ ನಕ್ಕ.

ಸೊಸೆ ಮಡಿಸಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಆ ತಮ್ಮ ನಿಜವಾಗಿ ತೀರಿಕೊಂಡದ್ದು ಎರಡು ವರ್ಷದ ಹಿಂದೆ. ಸುದ್ದಿ ಬಂದಾಗ ಅತ್ತೆ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಬಂದ ನೆಂಟರೆಲ್ಲ ಮೂಗು ಮುರಿದು, ಇವಳದೇನು ಎದೆಯೋ ಕಲ್ಲೋ ಎಂದು ಆಡಿಕೊಂಡಿದ್ದರು. ಆಡಿಕೊಂಡವರಲ್ಲಿ ಸೊಸೆಯೂ ಒಬ್ಬಳು.

ಆ ವಾರದಿಂದ ಊಟದ ಹೊತ್ತಿನ ಜಗಳ ಶುರುವಾಯಿತು. ಎಲ್ಲರೂ ತಟ್ಟೆಯ ಮುಂದೆ ಕೂತ ಮೇಲೆ ಮಾವ ಎದ್ದು ಹೋಗಿ ಫ್ಯಾನ್ ಆರಿಸುತ್ತಿದ್ದರು. ಮೊದಮೊದಲು, ಅನ್ನ ಆರಿಹೋಗುತ್ತೆ ಎಂಬ ನೆಪ. ಆಮೇಲೆ ನೆಪವೂ ಇಲ್ಲ. ಸೆಕೆಗೆ ಎಲ್ಲರ ಕುತ್ತಿಗೆಯಲ್ಲೂ ಬೆವರು.

"ಬೇಳೆ ಬೆಂದಿಲ್ಲ" ಎನ್ನುತ್ತಿದ್ದರು.

"ಇನ್ನೊಂದು ಸ್ವಲ್ಪ ಬೇಯಿಸ್ತೀನಿ, ಕೊಡಿ" ಎನ್ನುತ್ತಿದ್ದರು ಅತ್ತೆ.

"ಬೇಯಿಸೋದು ನಿಮ್ಮಮ್ಮ ಕಲಿಸಿದ್ರೆ ತಾನೆ? ಒಂದು ಸೀರೆಯಲ್ಲಿ ಕಳಿಸಿದ್ಲು, ಮಹಾತಾಯಿ."

ಅತ್ತೆ ತುತ್ತು ಅಗಿಯುತ್ತಿದ್ದರು.

ಮತ್ತೊಂದು ದಿನ, ಮಾತು ತಮ್ಮನ ತನಕ ಹೋಯಿತು. "ಸಾಯೋವಾಗ ಅಕ್ಕಾ ಅಕ್ಕಾ ಅಂತಲೇ ಇದ್ದನಂತೆ. ಬಾಗಿಲು ನೋಡ್ತಾ ನೋಡ್ತಾ ಜೀವ ಹೋಯ್ತಂತೆ. ನೀನು ಮಾತ್ರ ಹೋಗಲಿಲ್ಲ."

"ನೀವು ಕಳಿಸಲಿಲ್ಲ" ಎಂದರು ಅತ್ತೆ. "ಉಪ್ಪು ಈ ಕಡೆ ಕೊಡಿ."

ಮಾವ ಉಪ್ಪಿನ ಡಬ್ಬಿ ಕೊಡಲಿಲ್ಲ. ಸೊಸೆಯೇ ಕೈ ಚಾಚಿ ಎತ್ತಿಕೊಂಡಳು. ಡಬ್ಬಿಯ ಹಿಂದೆ ಬೆಂಕಿಪೊಟ್ಟಣದಷ್ಟು ಪುಟ್ಟದಾದ, ಶಬ್ದ ಹಿಡಿಯುವ ಮೆಷಿನ್ನು, ಅದರ ತಲೆಯ ಮೇಲೊಂದು ಕೆಂಪು ಚುಕ್ಕಿ. ಗಂಡನ ಅಂಗಡಿಯ ಗಾಜಿನ ಕಪಾಟಿನಲ್ಲಿ ಅದನ್ನವಳು ನೋಡಿದ್ದಳು. ಮಾವ ಅವಳತ್ತ ನೋಡಿ, ಕಳ್ಳಾಟದಲ್ಲಿ ಜೊತೆಗಾರ್ತಿಯನ್ನು ಸೇರಿಸಿಕೊಳ್ಳುವವರಂತೆ ಕಣ್ಣು ಮಿಟುಕಿಸಿದರು. ಬಾಯಲ್ಲಿದ್ದ ಅನ್ನ ಅವಳಿಗೆ ಹುಳದಂತೆ ಹರಿದಾಡಿತು.

ಕೋಣೆಗೆ ಹೋದದ್ದೇ ಗಂಡನನ್ನು ಹಿಡಿದುಕೊಂಡಳು. "ನೀವೇ ತಂದುಕೊಟ್ರಾ?"

"ಅಪ್ಪ ಕೇಳಿದ್ರು, ಕೊಟ್ಟೆ."

"ಯಾಕೆ ಅಂತ ಗೊತ್ತಿದ್ದೂ?"

"ನೋಡೇ, ಒಂದು ಸಲ ಅತ್ತುಬಿಟ್ರೆ ಅಮ್ಮನ ಗಂಟೇನು ಹೋಗುತ್ತೆ? ಅಪ್ಪನ ಜೀವಮಾನದ ಆಸೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು, ಅಷ್ಟೇ ನನ್ನ ಲೆಕ್ಕ."

"ಹಾವು ಯಾರು ರೀ ಇದರಲ್ಲಿ? ನಿಮ್ಮಮ್ಮನಾ?"

"ಕಲಾವಿದರ ಮನೆ ಕಣೇ ಇದು. ನಿನಗೆ ಹಲ್ಲು ಬಿಟ್ಟರೆ ಬೇರೇನು ಗೊತ್ತು?" ಎಂದು ಅವನು ಗೋಡೆಯ ಕಡೆ ತಿರುಗಿ ಮಲಗಿದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಬೆಕ್ಕಿನ ಮರಿಯೂ ಬಾಲ ಅಲ್ಲಾಡಿಸುತ್ತ ಪಕ್ಕದಲ್ಲೇ ಕೂತಿತ್ತು.

ಮಾರನೆಯ ಬೆಳಿಗ್ಗೆ ನಲ್ಲಿಯ ಹತ್ತಿರ ಅತ್ತೆ ಬಿಂದಿಗೆ ತುಂಬಿಸುತ್ತಿದ್ದಾಗ, ಸೊಸೆ ಎಲ್ಲವನ್ನೂ ಹೇಳಿಬಿಟ್ಟಳು.

"ಗೊತ್ತು" ಎಂದರು ಅತ್ತೆ. "ಫ್ಯಾನಿನ ಸದ್ದು ಮೆಷಿನ್ನಿಗೆ ಬೀಳಬಾರದಲ್ಲ, ಆರಿಸಿದಾಗಲೇ ಗೊತ್ತಾಗುತ್ತೆ. ಅವತ್ತೂ ಆರಿಸಿದ್ರು. ನಾನು ಕರೆಂಟು ಹೋಯ್ತು ಅಂದ್ಕೊಂಡಿದ್ದೆ."

"ಮತ್ತೆ ಯಾಕೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀರಿ? ಒಂದೋ ಬೈದುಬಿಡಿ. ಇಲ್ಲ, ಅತ್ತುಬಿಡಿ. ಪೀಡೆ ಕಳೀಲಿ."

"ಬರಬೇಕಲ್ಲ?" ಅತ್ತೆ ತುಂಬಿದ ಬಿಂದಿಗೆ ಪಕ್ಕಕ್ಕಿಟ್ಟರು. "ತಮ್ಮ ನಿಜವಾಗಿ ಹೋದಾಗ ಬಂತು ಕಣೇ. ಗಂಟಲ ತನಕ ಬಂತು. ಆದ್ರೆ ಕಿವಿ ಮೊದಲು ಬಾಗಿಲ ಕಡೆ ಹೋಯ್ತು, ಹೊರಗೆ ಯಾರಾದ್ರೂ ಕೂತಿದಾರಾ ಅಂತ. ಅಷ್ಟರಲ್ಲಿ ಅಳು ಹೊರಟುಹೋಯ್ತು. ನಮ್ಮಮ್ಮ ಹೋದಾಗಲೂ ಹಾಗೇ ಆಗಿತ್ತು. ಅವರ ಆ ರೀಲು ಹಾಳಾಯ್ತಂತಲ್ಲ, ಆ ಸುದ್ದಿ ಕೇಳಿ ನನಗೆ ಎಷ್ಟು ಹಾಯಾಯ್ತು ಗೊತ್ತಾ?"

ಕಲ್ಲೆದೆ ಎಂದು ತಾನೂ ಆಡಿಕೊಂಡ ನೆನಪಾಗಿ ಸೊಸೆಗೆ ನಾಚಿಕೆಯಾಯಿತು. ಎರಡನೆಯ ಬಿಂದಿಗೆಯನ್ನು ನಲ್ಲಿಯ ಕೆಳಗಿಟ್ಟಳು.

"ಒಂದು ಮಾತು ನೆನಪಿಟ್ಟುಕೋ" ಎಂದರು ಅತ್ತೆ. "ನನ್ನ ಹತ್ರ ಆಗಲ್ಲ ಅಂತ ಗೊತ್ತಾದ ದಿನ ಅವರು ಸುಮ್ಮನೆ ಕೂರೋರಲ್ಲ. ಫ್ಯಾನ್ ಆರಿದ್ರೆ ನೀನು ಮಗೂನ ಕರ್ಕೊಂಡು ಹೊರಗೆ ಹೋಗಿಬಿಡು."

ಮುಂದಿನ ಊಟಗಳಲ್ಲಿ ಮಾವ ಬೈದು ನೋಡಿದರು, ಸತ್ತವರನ್ನೆಲ್ಲ ಎಬ್ಬಿಸಿ ನೋಡಿದರು. ಒಂದು ದಿನ ಪ್ರೀತಿ ತೋರಿಸಿ, "ನಿನ್ನ ಬಾಳೆಲ್ಲ ಹಾಳು ಮಾಡಿದೆ ಕಣೇ" ಎಂದು ಗದ್ಗದರಾದರು. ಅತ್ತೆ, "ಮಜ್ಜಿಗೆ ಹಾಕ್ಲಾ?" ಎಂದು ಕೇಳಿದರು. ಮರುದಿನದಿಂದ ಫ್ಯಾನ್ ತಿರುಗತೊಡಗಿತು. ಉಪ್ಪಿನ ಡಬ್ಬಿಯ ಹಿಂದೆ ಬರೀ ಗೋಡೆ. ಕನ್ನಡಕದ ಹುಡುಗ ಫೋನ್ ಮಾಡಿದಾಗಲೆಲ್ಲ ಮಾವ, "ಆಗುತ್ತಪ್ಪ, ಅವಸರ ಮಾಡಬೇಡಿ" ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ಪೀಡೆ ತೊಲಗಿತು ಎಂದುಕೊಂಡಳು ಸೊಸೆ.

ಡಾಕ್ಟರು ಪರವೂರಿಗೆ ಹೋಗಿದ್ದ ಒಂದು ದಿನ ಅವಳಿಗೆ ರಜೆ. ಗುಬ್ಬಿ ಸ್ಕೂಲಿಗೆ, ಗಂಡ ಅಂಗಡಿಗೆ, ಅತ್ತೆ ಹಿಟ್ಟಿನ ಗಿರಣಿಗೆ ಹೋಗಿದ್ದರು. ಮಧ್ಯಾಹ್ನ ಅಡುಗೆಮನೆಯಲ್ಲಿ ಒಲೆಯ ಜಿಡ್ಡು ಉಜ್ಜುತ್ತಿದ್ದಳು. ಫ್ರಿಜ್ಜಿನ ಗುಂಯ್ ನಿಂತಿತು, ಮೇಲಿನ ಫ್ಯಾನೂ ನಿಂತಿತು. ಹಾಳು ಕರೆಂಟು ಈಗಲೇ ಹೋಗಬೇಕಿತ್ತೇ ಎಂದು ಗೊಣಗಿದಳು. ಅತ್ತೆ ಅಷ್ಟು ಬಿಡಿಸಿ ಹೇಳಿದ್ದ ಮಾತು ಆ ಗಳಿಗೆಯಲ್ಲಿ ಎಲ್ಲಿ ಹೋಗಿತ್ತೋ.

ಬಾಗಿಲಲ್ಲಿ ಮಾವ ನಿಂತಿದ್ದರು. ಕೈಯಲ್ಲಿ ಫೋನು, ಮುಖ ಬಿಳಿಚಿಕೊಂಡಿತ್ತು.

"ಸ್ಕೂಲಿಂದ ಫೋನಮ್ಮ... ಗುಬ್ಬಿ... ಗೇಟಿನ ಹತ್ರ ಲಾರಿ..." ಎಂದು ಗೋಡೆ ಹಿಡಿದುಕೊಂಡರು.

ಅವಳು ಏನೆಂದು ಕೂಗಿದಳೋ ಅವಳಿಗೇ ತಿಳಿಯದು. ಓಡುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತ್ತು, ಹೊರಗೆ ಚಿಲಕ ಬಿತ್ತು. ಯಾಕೆ ಎಂದು ಯೋಚಿಸುವ ಬುದ್ಧಿ ಎಲ್ಲಿತ್ತು? "ಮಾವಾ, ಬಾಗಿಲು ತೆಗೀರಿ, ನನ್ನ ಮಗು" ಎಂದು ಎರಡೂ ಕೈಯಲ್ಲಿ ಬಡಿದಳು. ತಲೆಯನ್ನೇ ಚಚ್ಚಿದಳು. ಕುಸಿದು ಕೂತು, ಸೋಪಿನ ನೊರೆಯ ಕೈಯನ್ನೇ ಬಾಯಿಗಿಟ್ಟುಕೊಂಡು ಅತ್ತಳು. ಮಗು ಹುಟ್ಟಿದಾಗಿನ ಮುಖ, ಆ ಬೆಳಿಗ್ಗೆ ಜಡೆ ಬಿಗಿಯಾಯಿತೆಂದು ಮುನಿಸಿಕೊಂಡು ಹೋದ ಮುಖ, ಎಲ್ಲ ಒಟ್ಟಿಗೆ ಬಂದು ಕರುಳು ಹಿಂಡಿತು. ಎಷ್ಟೋ ಹೊತ್ತಿನ ಮೇಲೆ, ಉಸಿರೆಳೆಯಲು ನಿಲ್ಲಿಸಿದಾಗ, ಬಾಗಿಲ ಆಚೆ ಒಂದು ಸಣ್ಣ ಸದ್ದು ಕೇಳಿಸಿತು. ತಟ್ಟೆಗೆ ಬೆರಳು ತಾಗುವ ಸದ್ದು.

ಆಮೇಲೆ ಅತ್ತೆಯ ದನಿ. "ಏಳ್ರೀ ಮೇಲೆ."

ಚಿಲಕ ತೆಗೆದದ್ದು ಅತ್ತೆಯೇ. ಅವರ ಕಂಕುಳಲ್ಲಿ ಹಿಟ್ಟಿನ ಡಬ್ಬಿ, ಹುಬ್ಬಿನ ಮೇಲೆಲ್ಲ ಹಿಟ್ಟು. ಅವರ ಹಿಂದೆ, ಬಾಗಿಲ ಪಕ್ಕದ ಕುರ್ಚಿಯಲ್ಲಿ, ಮಾವ ತೊಡೆಯ ಮೇಲೆ ಮೊಸರನ್ನದ ತಟ್ಟೆ ಇಟ್ಟುಕೊಂಡು ಕೂತಿದ್ದರು. ಕಾಲ ಬಳಿ ಪುಟ್ಟ ಮೆಷಿನ್ನು.

"ಏನೂ ಆಗಿಲ್ಲಮ್ಮ, ಗುಬ್ಬಿ ಚೆನ್ನಾಗಿದಾಳೆ" ಎಂದರು. ಬಾಯಿ ತುಂಬ ಅನ್ನ, ಮೀಸೆಯಲ್ಲಿ ಒಂದು ಅಗುಳು. "ಕೆಲಸಕ್ಕೆ ಬೇಕಿತ್ತು ಅಷ್ಟೇ. ಊಟದ ಸದ್ದೂ ಜೊತೆಗೇ ಬಂದ್ರೆ ಒಳ್ಳೇದು ಅಂತ ತಟ್ಟೆ ಇಟ್ಕೊಂಡೆ. ಮೊದಲರ್ಧ ಬಂಗಾರ. ಆಮೇಲೆ ಬಾಗಿಲು ಬಡಿದದ್ದು ಜಾಸ್ತಿಯಾಯ್ತು, ಸ್ವಲ್ಪ ಸುಳ್ಳು ಕೇಳಿಸ್ತು."

ಸೊಸೆ ಪಾತ್ರೆ ತೊಳೆಯುವ ತೊಟ್ಟಿಗೆ ಬಾಗಿ ವಾಂತಿ ಮಾಡಿಕೊಂಡಳು. ಬಾಯಿ ಮುಕ್ಕಳಿಸಿ, ಬರಿಗಾಲಲ್ಲೇ ಸ್ಕೂಲಿಗೆ ಓಡಿದಳು.

ಗುಬ್ಬಿ ಆಟದ ಮೈದಾನದಲ್ಲಿ ಮಣ್ಣು ಮೆತ್ತಿಕೊಂಡು ಆಡುತ್ತಿತ್ತು. ಅದನ್ನು ಬಾಚಿ ಎದೆಗವುಚಿಕೊಂಡಳು. "ಬಿಡಮ್ಮಾ, ಎಲ್ಲರೂ ನೋಡ್ತಿದಾರೆ" ಎಂದಿತು ಮಗು. ಸಮಾಧಾನಕ್ಕೆ ಒಮ್ಮೆ ಗಟ್ಟಿಯಾಗಿ ಅತ್ತುಬಿಡಬೇಕೆನಿಸಿತು. ಗಂಟಲ ತನಕ ಬಂತು. ಆಗ ತಲೆ ತಾನಾಗಿ ಹಿಂದೆ ತಿರುಗಿತು, ಯಾರಾದರೂ ನಿಂತಿದ್ದಾರೇನೋ ಎಂದು. ಮತ್ತೆ ಮಗುವಿನ ಕಡೆ ತಿರುಗಿದಾಗ ಅಳು ಇರಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಗಾದೆ ಕಟ್ಟಿದವರ ನಾಲಿಗೆ ಸೇದಿಹೋಗಲಿ, ಇಬ್ಬರಿಗೂ ಒಂದೇ ಕಾಲ ಬಂದಿತ್ತು.

ಸಂಜೆ ಗಂಡ ಬಂದ. ವಿಷಯ ಕೇಳಿ, ಅಭ್ಯಾಸಬಲದಿಂದ, "ಅಪ್ಪ ನಿನಗೂ ಟೋಪಿ ಹಾಕಿದ್ರಾ!" ಎಂದು ಹಲ್ಲು ಕಿರಿದ. ಹೆಂಡತಿಯ ಹಣೆಯ ಮೇಲಿನ ಬಾವು ಕಂಡು ಬಾಯಿ ಮುಚ್ಚಿದ.

"ನಾನು ಹೇಳ್ತೀನಿ ಅಪ್ಪಂಗೆ" ಎಂದ.

"ಏನಂತ ಹೇಳ್ತೀರಿ? ದ್ವಿತೀಯಾರ್ಧ ಇನ್ನೊಂದು ದಿನ ಹಿಡ್ಕೊಳ್ಳಿ ಅಂತಲಾ?" ಅವಳು ತನ್ನದೂ ಮಗುವಿನದೂ ಬಟ್ಟೆ ಚೀಲಕ್ಕೆ ತುರುಕುತ್ತಿದ್ದಳು. "ನನ್ನ ಅಕ್ಕನ ಮನೆಗೆ ಹೋಗ್ತೀನಿ. ಈ ಮನೇಲಿ ನನ್ನ ಮಗಳು ಬಿದ್ದು ಅತ್ತರೂ, ಯಾರು ಹಿಡ್ಕೊಳ್ತಿದಾರೋ ಅಂತ ನಾನು ಹೆದರಬೇಕು."

ಬಾಗಿಲಲ್ಲಿ ಅತ್ತೆ ನಿಂತಿದ್ದರು. "ಹೋಗುವಿಯಂತೆ. ಮಗೂನ ಪಕ್ಕದ ಮನೇಲಿ ಬಿಟ್ಟು ಬಾ. ಊಟ ಮಾಡ್ಕೊಂಡು ಹೋಗು" ಎಂದರು.

ಎಲ್ಲರೂ ಕೂತರು. ಆ ಮನೆಗೆ ಕಾಲಿಟ್ಟಂದಿನಿಂದ ಅತ್ತೆ ಮೊದಲು ಬಡಿಸುತ್ತಿದ್ದದ್ದು ಮಾವನಿಗೆ. ಇವತ್ತು ಸೊಸೆಗೆ ಬಡಿಸಿದರು, ಮಗನಿಗೆ ಬಡಿಸಿದರು, ತಮಗೆ ಹಾಕಿಕೊಂಡರು. ಮಾವನ ತಟ್ಟೆಯನ್ನು ತೆಗೆದು ಕವುಚಿಟ್ಟರು. ಆಮೇಲೆ ಎದ್ದು ಹೋಗಿ ಫ್ಯಾನ್ ಆರಿಸಿದರು. ಸೆರಗಿನಿಂದ ಪುಟ್ಟ ಮೆಷಿನ್ನು ತೆಗೆದು ಉಪ್ಪಿನ ಡಬ್ಬಿಗೆ ಒರಗಿಸಿಟ್ಟರು. ಕೆಂಪು ಚುಕ್ಕಿ ಹೊತ್ತಿತ್ತು.

"ಅದರಲ್ಲಿದ್ದದ್ದನ್ನ ಅಳಿಸಿಬಿಟ್ಟೆ. ಹೇಗೆ ಅಂತ ಗುಬ್ಬಿ ಹೇಳಿಕೊಟ್ಟಳು" ಎಂದರು. "ಈಗ ನೀವು ಅಳಿ."

ಮಾವ ನಕ್ಕರು. "ಏನೇ ಇದು, ಮುದಿ ವಯಸ್ಸಲ್ಲಿ ನಾಟಕ?"

"ಹುಡುಗರಿಗೆ ಅಳು ಬೇಕಲ್ಲ? ಬಾಗಿಲ ಹಿಂದೆ ಇರೋರು ಯಾರು ಅಂತ ಯಾರಿಗೂ ಕಾಣಲ್ಲ. ನಿಮ್ಮದೇ ಆದ್ರೂ ನಡೆಯುತ್ತೆ. ಚೆನ್ನಾಗಿ ಬಂದ್ರೆ ಬಡಿಸ್ತೀನಿ."

"ಅಮ್ಮಾ, ಸಾಕು ಬಿಡು" ಎಂದ ಮಗ.

"ನಿನ್ನ ತಟ್ಟೇನೂ ಕವುಚಬೇಕಾ?"

ಮಗ ತಲೆ ತಗ್ಗಿಸಿ ಉಣ್ಣತೊಡಗಿದ. ಮಾವ ಮೇಜು ಗುದ್ದಿದರು, ಇದು ನನ್ನ ಮನೆ ಎಂದರು, ನನ್ನ ಅನ್ನ ಎಂದರು. ಯಾರೂ ತಲೆಯೆತ್ತಲಿಲ್ಲ. ಸ್ವಲ್ಪ ಹೊತ್ತಿಗೆ, ಈ ಹೆಂಗಸಿಗೆ ಒಂದು ತಮಾಷೆ ಮಾಡಿ ಮುಗಿಸೋಣ ಎಂದುಕೊಂಡರೋ ಏನೋ, ಮುಖ ಮುಚ್ಚಿಕೊಂಡು ಹೋ ಎಂದು ದನಿ ತೆಗೆದರು.

ಅತ್ತೆ ಕಣ್ಣುಮುಚ್ಚಿ ಕೇಳಿದರು. "ಸುಳ್ಳು ಕೇಳಿಸ್ತಿದೆ. ಇನ್ನೊಂದ್ಸಲ."

ಮಾವನ ಮುಖ ಸಪ್ಪಗಾಯಿತು. ಮತ್ತೊಮ್ಮೆ ಅತ್ತರು. ಈ ಸಲ ದನಿ ಒಡೆಯಿತು. ಕವುಚಿದ ತಟ್ಟೆಯ ಅಂಚನ್ನು ಹಿಡಿದುಕೊಂಡರು. ಮೂಗಿನಿಂದ ಇಳಿದದ್ದು ಮೀಸೆಗೆ ಬಂತು, ಒರೆಸಿಕೊಳ್ಳಲಿಲ್ಲ. "ನನಗೆ ಹೆಸರು ಬರೋದು ಇದೊಂದರಿಂದಲೇ ಕಣೇ" ಎಂದು ಏನೇನೋ ತೊದಲಿದರು. ನಿಜವೋ ನಟನೆಯೋ ಸೊಸೆಗೆ ಗೊತ್ತಾಗಲಿಲ್ಲ. ಕ್ಲಿನಿಕ್ಕಿನಲ್ಲಿ ಎಷ್ಟೋ ಗಂಡಸರು ಹೀಗೆ ಬಿಕ್ಕಿದ್ದನ್ನು ಅವಳು ಕೇಳಿದ್ದಳು. ಅವರ ಭುಜ ಹಿಡಿದು ಸಮಾಧಾನ ಹೇಳಿದ್ದಳು. ಇವರತ್ತ ಕೈ ಹೋಗಲಿಲ್ಲ.

"ಇದೂ ಸುಳ್ಳೇ" ಎಂದರು ಅತ್ತೆ. "ಇನ್ನೊಂದ್ಸಲ."

ಮಾವ ಅಳುತ್ತಿದ್ದರು. ಅತ್ತೆ ಪಲ್ಯದ ಪಾತ್ರೆ ಎತ್ತಿಕೊಂಡು ಸೊಸೆಯ ಕಡೆ ತಿರುಗಿದರು.

"ಇನ್ನು ಸ್ವಲ್ಪ ಹಾಕ್ಲಾ?"

ಏಳಬೇಕು, ಫ್ಯಾನ್ ಹಾಕಬೇಕು, ಸಾಕು ಅನ್ನಬೇಕು ಎಂದುಕೊಂಡಳು ಸೊಸೆ. ತಟ್ಟೆ ಮುಂದೆ ಚಾಚಿದಳು.